ಆಡುವ ನಾಲಿಗೆ, ಆಲಿಸುವ ಕಿವಿ

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಾತು ಬಲ್ಲವನೆಂದರೆ ಸೊಗಸಾಗಿ ಆಡಬಲ್ಲವನೆಂದೇ ಸಾಮಾನ್ಯವಾಗಿ ನಮ್ಮ ತಿಳಿವಳಿಕೆ. ಮಕ್ಕಳನ್ನು ಭಾಷಣಸ್ಪರ್ಧೆಗೆ ಸಿದ್ಧಪಡಿಸುತ್ತೇವೆ. ಚೆನ್ನಾಗಿ ಮಾತನಾಡಿದವರಿಗೆ ಬಹುಮಾನವೀಯುತ್ತೇವೆ. ಚೆನ್ನಾಗಿ ಕೇಳಿದವರಿಗೆ ಬಹುಮಾನವಿತ್ತ ಶಾಲೆಯನ್ನು ನಾವು ಕಂಡಿಲ್ಲ. ಆದರೆ ಕೇಳಲರಿಯದವನು ಆಡಲೂ ಅರಿಯನೆಂಬುದು ಕ್ರೈಸ್ತರ ಧರ್ಮಗ್ರಂಥದಲ್ಲಿ ಮತ್ತೆ ಮತ್ತೆ ಬರುವ ವಿಚಾರ. ಯಾವ ಮತದ ಮನೆಯವರಾದರೂ ಮನನ ಮಾಡತಕ್ಕ ವಿಚಾರವಿದು.

ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯೆಂಬ ಐದು ಅಧ್ಯಾಯಗಳ ಚಿಕ್ಕ ಗ್ರಂಥವಿದೆ. ಅವಸರವೇನಾದರೂ ಇದ್ದರೆ ಅದು ಕೇಳುವುದರಲ್ಲಿರಲಿ, ಮಾತಿನಲ್ಲಿಯೂ ಕೋಪದಲ್ಲಿಯೂ ನಿಧಾನವಿರಲಿ ಎಂಬುದು ಅದರ ಮೊದಲ ಅಧ್ಯಾಯದ ಬೋಧೆಯ ಸಾರ. ಮೂರನೆಯ ಅಧ್ಯಾಯದಲ್ಲಿ ನಾಲಿಗೆಯನ್ನು ಕುದುರೆಯ ಕಡಿವಾಣಕ್ಕೂ ಹಡಗಿನ ಚುಕ್ಕಾಣಿಗೂ ಕಾಡನ್ನು ಸುಡುವ ಕಿಡಿಗೂ ಹೋಲಿಸಿದೆ. ಮೂರೂ ಚಿಕ್ಕವು, ಎರಡು ದಾರಿ ತೋರುತ್ತವೆ, ಒಂದು ನಾಶಗೈಯುತ್ತದೆ. ಆ ಅಧ್ಯಾಯ ಆರಂಭವಾಗುವುದೇ ಬೋಧಕರಿಗಿತ್ತ ಎಚ್ಚರಿಕೆಯಿಂದ. ನಾಲಿಗೆಯನ್ನು ನಂಬಿಯೇ ಬದುಕುವ ಉಪಾಧ್ಯಾಯರಾದ ನಾವು ಇದನ್ನು ಮರೆಯುವಂತಿಲ್ಲ.

ಹಳೆಯ ಒಡಂಬಡಿಕೆಯ ಯೋಬನ ಕಥೆ ಇನ್ನೂ ಆಳವಾದುದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತಿದ್ದ ಯೋಬನನ್ನು ಸಂತೈಸಲು ಮೂವರು ಸ್ನೇಹಿತರು ಬಂದರು. ಅವನ ದುಃಖವನ್ನು ಕಂಡು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅದೇ ಅವರು ಮಾಡಿದ ಮಹೋಪಕಾರ. ಬಳಿಕ ಬಾಯಿ ತೆರೆದರು. ಪಾಪ ಮಾಡದವನಿಗೆ ಇಂತಹ ಕಷ್ಟ ಬಾರದೆಂದು ವಾದಿಸಿದರು. ಯೋಬನು ತನ್ನ ನೋವನ್ನು ಹೇಳಿದಷ್ಟೂ ಅವರು ಉತ್ತರವನ್ನು ಹೊಸೆದರೇ ಹೊರತು ಅವನನ್ನು ಕೇಳಿಸಿಕೊಳ್ಳಲಿಲ್ಲ. ಕಡೆಗೆ ದೇವರು ಕೋಪಿಸಿಕೊಂಡದ್ದು ಆ ಉಪದೇಶಕರ ಮೇಲೆಯೇ. ಸಾವಿನ ಮನೆಗೆ ಹೋಗಿ ‘ಆಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಿತ್ತು’ ಎನ್ನುವವರು ನಮ್ಮೂರುಗಳಲ್ಲಿಯೂ ಇಲ್ಲವೆ?

ಏಸುವಿನ ಜೀವನದಲ್ಲಿಯೂ ಇದೇ ಪಾಠ. ಹನ್ನೆರಡು ವರ್ಷದ ಬಾಲಕನಾಗಿ ಯೆರೂಸಲೇಮಿನ ದೇವಾಲಯದಲ್ಲಿ ಆತನು ಪಂಡಿತರ ನಡುವೆ ಕುಳಿತು ಅವರ ಮಾತನ್ನು ಆಲಿಸುತ್ತ ಪ್ರಶ್ನೆ ಕೇಳುತ್ತಿದ್ದನೆಂದು ಲೂಕನು ಬರೆದಿದ್ದಾನೆ. ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನು ಕೂಗಿದಾಗ ಜನರು ಗದರಿಸಿದರು, ಏಸು ನಿಂತನು. ಅವನಿಗೆ ಬೇಕಾದುದೇನೆಂಬುದು ಎಲ್ಲರಿಗೂ ಕಾಣುವಂತಿದ್ದರೂ ಅವನ ಬಾಯಿಂದಲೇ ಹೇಳಿಸಿದನು. ಸಹಾಯಕ್ಕೆ ಮೊದಲು ಆಲಿಸುವುದು ಎದುರಿನವನಿಗೆ ಸಲ್ಲಿಸುವ ಗೌರವ.

ಶಿಕ್ಷಣಶಾಸ್ತ್ರವೂ ಇದನ್ನು ಸಮರ್ಥಿಸುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ 1974ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡಿಗಿಂತ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ದೀರ್ಘವಾದವು. ಹಿಂದುಳಿದವರೆನಿಸಿಕೊಂಡವರೂ ಬಾಯಿ ಬಿಟ್ಟರು.

ಗಡಿಯಾಚೆಯ ನಮ್ಮ ಮನೆಗಳಿಗೆ ಇದರ ಅಗತ್ಯ ಹೆಚ್ಚು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಮತ್ತೊಂದು. ಮಗು ಮಲಯಾಳದ ಪದ ಬೆರೆಸಿ ಶಾಲೆಯ ಸಂಗತಿ ಹೇಳತೊಡಗಿದೊಡನೆ ‘ಸರಿಯಾಗಿ ಕನ್ನಡದಲ್ಲಿ ಹೇಳು’ ಎಂದು ಗದರಿದರೆ, ಅದು ಕನ್ನಡವನ್ನು ಕಲಿಯುವುದಿಲ್ಲ, ಹೇಳುವುದನ್ನೇ ಬಿಡುತ್ತದೆ. ಮೊದಲು ಸಂಗತಿಯನ್ನು ಪೂರ್ತಿ ಕೇಳೋಣ. ಆಮೇಲೆ ಅದನ್ನೇ ಕನ್ನಡದಲ್ಲಿ ನಾವು ಆಡಿ ತೋರಿಸೋಣ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ ನಿಘಂಟನ್ನು ನೆನೆಯೋಣ. ಸುಮಾರು 70,000 ಪದಗಳ ಆ ಗ್ರಂಥವನ್ನು ಕಟ್ಟಿದಾತ ಜರ್ಮನಿಯಿಂದ ಬಂದ ಬೋಧಕ. ಬೋಧಿಸಲು ಬಂದವನು ಈ ನೆಲದ ಮಾತಿಗೂ ಗಾದೆಗೂ ಕಿವಿಗೊಟ್ಟದ್ದರ ಫಲವದು.

ರಾತ್ರಿ ಊಟದ ಹೊತ್ತಿಗೆ ಮೊಬೈಲನ್ನೂ ಟೀವಿಯನ್ನೂ ಬದಿಗಿಟ್ಟು ಕಾಲುಗಂಟೆ ಒಬ್ಬರನ್ನೊಬ್ಬರು ಆಲಿಸುವ ನಿಯಮವಿಟ್ಟುಕೊಂಡರೆ ಸಾಕು. ಅಜ್ಜಿ ಹೇಳಿದ್ದನ್ನೇ ಹೇಳಿದರೂ ತಡೆಯದಿರೋಣ. ಮಗು ತಡವರಿಸಿದರೆ ಪದ ತುಂಬದೆ ಕಾಯೋಣ. ಸಿಟ್ಟು ಬಂದಾಗ ಉತ್ತರವನ್ನು ಬೆಳಗಿಗೆ ಬಿಡೋಣ. ಆಲಿಸುವವರಿರುವ ಮನೆಯಲ್ಲಿ ಮಾತೂ ಉಳಿಯುತ್ತದೆ, ಭಾಷೆಯೂ ಉಳಿಯುತ್ತದೆ.