ರೀಲಿನ ಹಲ್ಲಿಗೆ ಎಷ್ಟು ಗ್ರೀಸ್?

ಮುಂಗಾರು ಬಲವಾಯಿತೆಂದರೆ ಕರಾವಳಿಯಲ್ಲಿ ಬಂಡೆಯ ಮೇಲೆ ನಿಂತು ಗಾಳ ಹಾಕುವವರ ರಾಡುಗಳು ಮನೆಯ ಮೂಲೆ ಸೇರುತ್ತವೆ. ಕಡಲು ಕೆರಳಿರುವಾಗ ಕಲ್ಲಿನ ತುದಿಗೆ ಹೋಗುವಂತಿಲ್ಲ. ರೀಲು ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲವಾದರೂ ಹೆಚ್ಚಿನವರು ಹಾಗೆಯೇ ಬಿಟ್ಟುಬಿಡುತ್ತಾರೆ. ಚೌತಿ ಕಳೆದ ಮೇಲೆ ಹಿಡಿಕೆ ತಿರುಗಿಸಿದರೆ ಒಳಗಿನಿಂದ ಗರಗರ ಸದ್ದು. ರೀಲು ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯುವವರೂ ಉಂಟು. ಎಷ್ಟೋ ಸಲ ಅದಕ್ಕೆ ಬೇಕಾಗಿದ್ದದ್ದು ಒಂದು ಸ್ಕ್ರೂಡ್ರೈವರ್, ಹಳೆಯ ಟೂತ್‌ಬ್ರಶ್, ಚಿಟಿಕೆ ಗ್ರೀಸ್ ಅಷ್ಟೆ.

ಸ್ಪಿನ್ನಿಂಗ್ ರೀಲಿನ ಹಿಡಿಕೆ ಒಂದು ಸುತ್ತು ಬಂದರೆ ದಾರ ಸುತ್ತುವ ರೋಟರ್ ಐದಾರು ಸುತ್ತು ಬರುತ್ತದೆ. ರೀಲಿನ ಮೇಲೆ 5.2:1 ಎಂದು ಅಚ್ಚಾಗಿರುವುದರ ಅರ್ಥ ಇದೇ. ಹಿಡಿಕೆಗೆ ಸೇರಿಕೊಂಡ ದೊಡ್ಡ ಗೇರು, ಅದಕ್ಕೆ ಕಚ್ಚಿಕೊಂಡು ತಿರುಗುವ ಸಣ್ಣ ಪಿನಿಯನ್, ಇವೆರಡರ ನಡುವೆ ಈ ಲೆಕ್ಕ ನಡೆಯುತ್ತದೆ. ಪಿನಿಯನ್ ಸಾಮಾನ್ಯವಾಗಿ ಹಿತ್ತಾಳೆಯದು, ಹಲ್ಲುಗಳು ಓರೆ. ತಿರುಗುವಾಗ ಅವು ದೊಡ್ಡ ಗೇರಿನ ಹಲ್ಲುಗಳ ಮೇಲೆ ಉಜ್ಜಿಕೊಂಡು ಜಾರುತ್ತವೆ. ಆ ಉಜ್ಜುವಿಕೆಯಲ್ಲಿ ಲೋಹ ಸವೆಯದಂತೆ ತಡೆಯುವುದು ನಡುವಿನ ಗ್ರೀಸಿನ ತೆಳು ಪೊರೆ.

ಗೇರಿನ ರೀಲುಗಳ ಚರಿತ್ರೆಯಲ್ಲಿ ಗಡಿಯಾರದವರ ಕೈ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಗೇರಿನ ರೀಲು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ತಯಾರಕ. ಹೆಸರಾಂತ ಆಬು ರೀಲುಗಳು ಬಂದ ಸ್ವೀಡನ್ನಿನ ಸ್ವಾಂಗ್‌ಸ್ಟಾದ ಕಂಪನಿ 1921ರಲ್ಲಿ ಆರಂಭವಾದದ್ದೂ ಗಡಿಯಾರದ ಕಾರ್ಖಾನೆಯಾಗಿ. ಇಂಥ ನಯವಾದ ಕೆಲಸಕ್ಕೆ ಗ್ರೀಸನ್ನು ಬೆರಳಲ್ಲಿ ಬೇಕಾಬಿಟ್ಟಿ ಮೆತ್ತುವುದು ತರವಲ್ಲ.

ಗ್ರೀಸ್ ಎಂದರೆ ಸೋಪಿನಂಥ ದಪ್ಪ ಪದಾರ್ಥದಲ್ಲಿ ಹಿಡಿದಿಟ್ಟ ಎಣ್ಣೆ. ಎಣ್ಣೆ ಹರಿದುಹೋಗುತ್ತದೆ, ಗ್ರೀಸ್ ಹಚ್ಚಿದಲ್ಲೇ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಅದರೊಳಗಿನ ಎಣ್ಣೆ ಜಿನುಗಿ ಹೋಗಿ ಸೋಪು ಮಾತ್ರ ಕಂದು ಬಣ್ಣದ ಹೆಕ್ಕಳೆಯಾಗಿ ಹಲ್ಲಿನ ಸಂದಿನಲ್ಲಿ ಕೂರುತ್ತದೆ. ಉಪ್ಪು, ನುಣ್ಣನೆಯ ಮರಳು ಅದಕ್ಕೇ ಅಂಟಿಕೊಳ್ಳುತ್ತವೆ. ಅದರ ಮೇಲೆ ಹೊಸ ಗ್ರೀಸ್ ಹಚ್ಚಿದರೆ ಮರಳು ಹಲ್ಲನ್ನು ಇನ್ನೂ ಚೆನ್ನಾಗಿ ಅರೆಯುತ್ತದೆ. ಹಾಗಾಗಿ ಮೊದಲು ಗೇರುಗಳನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ಬ್ರಶ್ಶಿನಿಂದ ತಿಕ್ಕಿ ಒರೆಸಿ ಒಣಗಿಸಬೇಕು. ಬಿಚ್ಚುವಾಗ ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಕ್ಷೇಮ. ಗೇರಿನ ಪಕ್ಕದಲ್ಲಿ ಕಾಗದದಷ್ಟು ತೆಳುವಾದ ವಾಷರುಗಳಿರುತ್ತವೆ. ಒಂದು ಆಚೀಚೆಯಾದರೂ ಹಲ್ಲು ಸರಿಯಾಗಿ ಕೂರುವುದಿಲ್ಲ.

ಹಚ್ಚುವುದಕ್ಕೆ ಮಕ್ಕಳ ಸಣ್ಣ ಪೇಂಟ್ ಬ್ರಶ್ ಸಾಕು. ಹಲ್ಲಿನ ಆಕಾರ ಕಾಣುವಷ್ಟು ತೆಳುವಾಗಿ ಸುತ್ತಲೂ ಸವರಿ, ನಾಲ್ಕಾರು ಸಲ ತಿರುಗಿಸಿ, ಅಂಚಿಗೆ ಹೊರಬಂದದ್ದನ್ನು ಒರೆಸಿ ತೆಗೆಯಬೇಕು. ಗೇರಿನ ಪೆಟ್ಟಿಗೆಯ ತುಂಬ ಗ್ರೀಸ್ ತುಂಬಿದರೆ ಹಿಡಿಕೆ ಭಾರವಾಗುತ್ತದೆ. ಹೆಚ್ಚಾದದ್ದು ಹೋಗಬಾರದ ಕಡೆಗೆ ಹೋಗುತ್ತದೆ.

ಹೋಗಬಾರದ ಕಡೆ ಎಂದರೆ ಮುಖ್ಯವಾಗಿ ರೋಟರಿನ ಅಡಿಯಲ್ಲಿರುವ ಒನ್-ವೇ ಕ್ಲಚ್. ಅದರಲ್ಲಿ ಸಣ್ಣ ಉರುಳೆಗಳು, ಅವನ್ನು ಒತ್ತುವ ಕೂದಲೆಳೆಯಂಥ ಸ್ಪ್ರಿಂಗುಗಳು. ರೀಲು ಹಿಂದಕ್ಕೆ ತಿರುಗಲು ಹೊರಟ ಕ್ಷಣವೇ ಉರುಳೆಗಳು ಬಿಗಿದುಕೊಂಡು ತಡೆಯುತ್ತವೆ. ದಪ್ಪ ಗ್ರೀಸ್ ಒಳಹೊಕ್ಕರೆ ಸ್ಪ್ರಿಂಗಿಗೆ ಉರುಳೆಯನ್ನು ಒತ್ತಲು ಶಕ್ತಿ ಸಾಲದು. ಮೀನು ಕಚ್ಚಿದಾಗ ಎಳೆದರೆ ಹಿಡಿಕೆ ಸರ್ರನೆ ಹಿಂದಕ್ಕೆ ಸುತ್ತಿ ಬೆರಳ ಗೆಣ್ಣಿಗೆ ಬಡಿಯುತ್ತದೆ. ಇಲ್ಲಿಗೆ ತೀರಾ ತೆಳ್ಳಗಿನ ಎಣ್ಣೆಯ ಪಸೆ ಮಾತ್ರ ಸಾಕು. ಬೇರಿಂಗು, ದಾರ ಹಾಯುವ ರೋಲರಿಗೂ ಎಣ್ಣೆಯೇ, ಒಂದೊಂದು ಹನಿ. ಹೊಲಿಗೆ ಮಷೀನಿನ ಎಣ್ಣೆ ಆದೀತು.

ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಬಿಡುವುದು ಮಾತ್ರ ಬೇಡ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ, ಹಳತಾದರೆ ಕಮಟು ಹಿಡಿಯುತ್ತದೆ. ಡಬ್ಲ್ಯುಡಿ-40 ಸ್ಪ್ರೇಯೂ ಗ್ರೀಸಿನ ಬದಲಿಯಲ್ಲ. 1953ರಲ್ಲಿ ಅದನ್ನು ರೂಪಿಸಿದ್ದೇ ಲೋಹದಿಂದ ನೀರು ಹೊರದೂಡಿ ತುಕ್ಕು ತಡೆಯಲೆಂದು. ಗೇರಿಗೆ ಹೊಡೆದರೆ ಇದ್ದ ಗ್ರೀಸನ್ನೂ ಕರಗಿಸುತ್ತದೆ. ರೀಲಿನದೇ ಗ್ರೀಸ್ ಸಿಗದಿದ್ದರೆ ಉಪ್ಪುನೀರಿಗೆ ತಡೆಯುವ ಮರೈನ್ ಗ್ರೀಸ್ ಒಳ್ಳೆಯದು. ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಡ್ರ್ಯಾಗಿನ ವಾಷರುಗಳಿಗೆ ಅದನ್ನು ಹಚ್ಚಬಾರದು. ಅವುಗಳ ಕೆಲಸವೇ ಹಿಡಿತ ಕೊಡುವುದು. ಅದಕ್ಕೆಂದೇ ಬೇರೆ ಗ್ರೀಸ್ ಬರುತ್ತದೆ.

ಇಷ್ಟಾದ ಮೇಲೂ ಗರಗರ ನಿಲ್ಲದಿದ್ದರೆ ಬೇರಿಂಗುಗಳನ್ನು ಒಂದೊಂದಾಗಿ ಬೆಂಕಿಕಡ್ಡಿಗೆ ಸಿಕ್ಕಿಸಿ ತಿರುಗಿಸಿ ನೋಡಬೇಕು. ತುಕ್ಕು ಹಿಡಿದದ್ದು ಕೈಗೇ ಗೊತ್ತಾಗುತ್ತದೆ. ಅವೆಲ್ಲ ಸರಿಯಿದ್ದರೆ ತಪ್ಪು ಹಲ್ಲಿನದು. ಆಗ ಗೇರು, ಪಿನಿಯನ್ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದಕ್ಕೊಂದು ಹೊಂದಿಕೊಂಡು ಸವೆದ ಜೋಡಿಯಾದ್ದರಿಂದ ಹಳೆಯದರ ಜೊತೆ ಹೊಸದೊಂದನ್ನು ಕೂರಿಸಿದರೆ ಸದ್ದು ಹೋಗುವುದಿಲ್ಲ, ಹೊಸದೂ ಬೇಗ ಸವೆಯುತ್ತದೆ.