ಪ್ಯಾನೆಲ್‌ನಲ್ಲಿ ಕರೆಂಟಿದೆ, ಡಿಸ್‌ಪ್ಲೇ ಮಾತ್ರ ಕಪ್ಪು: ಸೋಲಾರ್ ಪಂಪಿನ ಇನ್‌ವರ್ಟರ್ ಕೆಟ್ಟಾಗ ಏನೇನು ನೋಡಬೇಕು?

ಕಳೆದ ಏಪ್ರಿಲ್‌ನಲ್ಲಿ ನಮ್ಮ ಒಂದೂವರೆ ಎಕರೆ ಟೊಮೆಟೊ ಹೂವಿಗೆ ಬಂದಿತ್ತು. ಬೆಳಗ್ಗೆ ಒಂಬತ್ತಕ್ಕೆ ಡ್ರಿಪ್ ಬಿಡೋಣ ಅಂತ ಹೋದರೆ ಸೋಲಾರ್ ಪಂಪಿನ ಇನ್‌ವರ್ಟರ್ ಡಿಸ್‌ಪ್ಲೇ ಪೂರ್ತಿ ಕಪ್ಪು. ಆ ಬಿಸಿಲಲ್ಲಿ ಎರಡು ದಿನ ನೀರು ತಪ್ಪಿದರೆ ಹೂವು ಉದುರಿ ಹೋಗುತ್ತೆ. ಫೋನ್ ಮಾಡಿ ಕರೆಸಿದ ಮೆಕ್ಯಾನಿಕ್ ಮುಚ್ಚಳ ಕೂಡ ತೆಗೆಯಲಿಲ್ಲ. "ಬೋರ್ಡ್ ಹೋಗ್ಬಿಟ್ಟಿದೆ ಸರ್, ಹೊಸದಕ್ಕೆ 14 ಸಾವಿರ" ಅಂದ. ಕೊನೆಗೆ ಅದು ಸರಿಯಾದದ್ದು 700 ರೂಪಾಯಿಗೆ!

ನಾನು ಓದಿದ್ದು ತೋಟಗಾರಿಕೆ, ಎಲೆಕ್ಟ್ರಾನಿಕ್ಸ್ ಅಲ್ಲ. ಆದರೂ ಯಾವ ಹಂತದವರೆಗೆ ನಾವೇ ನೋಡಬಹುದು, ಎಲ್ಲಿ ಕೈ ಹಿಂದೆ ತೆಗೀಬೇಕು ಅನ್ನೋದನ್ನ ಅವತ್ತು ಕಲಿತೆ.

ಮೊದಲು ಜೀವ

ನಮ್ಮದರಲ್ಲಿ 9 ಪ್ಯಾನೆಲ್ ಸಾಲಾಗಿ ಜೋಡಿಸಿವೆ. ಒಂದೊಂದಕ್ಕೆ 45 ವೋಲ್ಟ್ ಅಂದರೂ ಒಟ್ಟು 400 ವೋಲ್ಟ್ ಡಿಸಿ. ಬಿಸಿಲು ಇರುವವರೆಗೆ ಪ್ಯಾನೆಲ್ ಆಫ್ ಆಗೋದೇ ಇಲ್ಲ. ಡಿಸಿ ಕಿಡಿ ಎಸಿಯಂತೆ ತಾನಾಗಿ ಬೇಗ ಆರೋದೂ ಇಲ್ಲ. ಹಾಗಾಗಿ ಮೋಟರ್ ಓಡುವಾಗ ಪ್ಯಾನೆಲ್ ವೈರಿನ ಕನೆಕ್ಟರ್ ಕಿತ್ತುಬಿಡಬೇಡಿ. ಮೊದಲು ಇನ್‌ವರ್ಟರ್ ಸ್ಟಾಪ್, ಆಮೇಲೆ ಡಿಸಿ ಸ್ವಿಚ್ ಆಫ್. ಮಲ್ಟಿಮೀಟರ್ 1000 ವೋಲ್ಟ್ ಡಿಸಿ ತಡೆಯುವಂಥದ್ದೇ ಇರಲಿ. ಅಳತೆ ಮಾಡಿ ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವ ಎಲೆಕ್ಟ್ರಿಷಿಯನ್‌ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಪಿಎಂ-ಕುಸುಮ್ ಯೋಜನೆಯಲ್ಲಿ ಹಾಕಿಸಿದ ಪಂಪ್ ಆಗಿದ್ದು, 5 ವರ್ಷ ಮುಗಿದಿಲ್ಲ ಅಂದರೆ ಮುಚ್ಚಳ ಬಿಚ್ಚಲೇಬೇಡಿ. ನಿರ್ವಹಣೆ ಹಾಕಿಸಿದವರ ಜವಾಬ್ದಾರಿ. ಕಪ್ಪು ಡಿಸ್‌ಪ್ಲೇ, ಸೀರಿಯಲ್ ನಂಬರ್ ಎರಡರ ಫೋಟೋ ತೆಗೆದು ದೂರು ಕೊಡಿ.

ಹೊರಗಿನ ನಾಲ್ಕು ಪರೀಕ್ಷೆ

1. ಬೆಳಕು: ಮುಂಜಾನೆ, ಸಂಜೆ, ದಟ್ಟ ಮೋಡದಲ್ಲಿ ಡಿಸ್‌ಪ್ಲೇ ಬರದಿರುವುದು ಸಹಜ. ಹತ್ತು ಗಂಟೆಯ ಬಿಸಿಲಿನವರೆಗೆ ಕಾಯಿರಿ.

2. ಡಿಸಿ ಸ್ವಿಚ್: ಒಳಬರುವ ಕಡೆ ವೋಲ್ಟೇಜ್ ಇದ್ದು, ಸ್ವಿಚ್ ಆನ್ ಇದ್ದರೂ ಹೊರಹೋಗುವ ಕಡೆ ಇಲ್ಲದಿದ್ದರೆ ಸ್ವಿಚ್ಚೇ ಸುಟ್ಟಿದೆ. ಫ್ಯೂಸ್ ಇದ್ದರೆ ಅದನ್ನೂ ನೋಡಿಸಿ. ಸಿಡಿಲಿನಿಂದ ಕಾಪಾಡುವ ಸರ್ಜ್ ಡಬ್ಬಿಯ ಕಿಟಕಿ ಹಸಿರು ಹೋಗಿ ಕೆಂಪಾಗಿದ್ದರೆ ಅದು ಸತ್ತಿದೆ, ಬದಲಿಸಬೇಕು.

3. ಎಲ್ಲೂ ವೋಲ್ಟೇಜ್ ಇಲ್ಲ: ಸಾಲಿನಲ್ಲಿ ಒಂದು ಕನೆಕ್ಟರ್ ಬಿಟ್ಟರೂ ಇಡೀ ಸಾಲು ಸತ್ತಂತೆ. ಇಲಿ ಕಡಿದ ವೈರ್, ಕರಗಿದ ಕನೆಕ್ಟರ್ ಹುಡುಕಿ. ಹುಡುಕುವಾಗ ಕಣ್ಣಷ್ಟೇ ಸಾಕು, ಕೈ ಬೇಡ.

4. ಸೆನ್ಸರ್ ವೈರ್: ಟ್ಯಾಂಕ್ ಸೆನ್ಸರ್, ಮೊಬೈಲ್ ಡೇಟಾ ಡಬ್ಬಿ ಇವಕ್ಕೂ ಸಾಮಾನ್ಯವಾಗಿ ಇನ್‌ವರ್ಟರೇ ಕರೆಂಟ್ ಕೊಡುತ್ತೆ. ಅಲ್ಲಿ ಶಾರ್ಟ್ ಆದರೂ ಡಿಸ್‌ಪ್ಲೇ ಬರಲ್ಲ. ಎಲ್ಲಾ ಆಫ್ ಮಾಡಿಸಿ, ಆ ವೈರ್ ಬಿಡಿಸಿ ಮತ್ತೆ ಆನ್ ಮಾಡಿಸಿ ನೋಡಿ.

ನನ್ನ ಕೇಸಲ್ಲಿ ಇವೆಲ್ಲ ಸರಿಯಿತ್ತು. ಇನ್‌ವರ್ಟರಿನ ಟರ್ಮಿನಲ್‌ನಲ್ಲೇ 370 ವೋಲ್ಟ್ ತೋರಿಸ್ತಿತ್ತು. (ಪ್ಯಾನೆಲ್ ಕಾದಾಗ ವೋಲ್ಟೇಜ್ ಸ್ವಲ್ಪ ಇಳಿಯೋದು ಮಾಮೂಲು.) ಅಂದರೆ ತೊಂದರೆ ಒಳಗೆ.

ಒಳಗೆ ಏನಿದೆ?

ಮೋಟರ್‌ಗೆ ಕರೆಂಟ್ ಕೊಡುವ ದೊಡ್ಡ ಭಾಗದ ಜೊತೆಗೆ ಒಳಗೊಂದು ಚಿಕ್ಕ ಪವರ್ ಸಪ್ಲೈ ಇರುತ್ತೆ. ಪ್ಯಾನೆಲ್‌ನ ನೂರಾರು ವೋಲ್ಟ್ ತಗೊಂಡು ಫ್ಯಾನ್‌ಗೆ, ಡಿಸ್‌ಪ್ಲೇಗೆ, ಮೆದುಳಿನಂಥ ಚಿಪ್‌ಗೆ ಬೇಕಾದ 24, 15, 5 ವೋಲ್ಟ್ ಮಾಡಿಕೊಡೋದು ಅದರ ಕೆಲಸ. ಅದು ನಿಂತರೆ ದೊಡ್ಡ ಭಾಗ ಗಟ್ಟಿಮುಟ್ಟಾಗಿದ್ದರೂ ಯಂತ್ರ ಸತ್ತ ಹಾಗೆ ಕಾಣುತ್ತೆ.

ಈ ಪವರ್ ಸಪ್ಲೈ ಎದ್ದೇಳುವ ರೀತಿ ನಮ್ಮ ಹಳೇ ಡೀಸೆಲ್ ಎಂಜಿನ್ ಥರ. ಮೊದಲು ಹ್ಯಾಂಡಲ್ ತಿರುಗಿಸಬೇಕು, ಆಮೇಲೆ ತಾನೇ ಓಡುತ್ತೆ. ದೊಡ್ಡ ಬೆಲೆಯ ರೆಸಿಸ್ಟರ್ ಮೂಲಕ ಒಂದು ಪುಟ್ಟ ಕೆಪಾಸಿಟರ್ ನಿಧಾನ ತುಂಬುತ್ತೆ. ಯುಸಿ3842 ಅನ್ನೋ ತುಂಬಾ ಬಳಕೆಯ ಚಿಪ್ಪಾದರೆ ಸುಮಾರು 16 ವೋಲ್ಟ್‌ಗೆ ಏಳುತ್ತೆ, 10ಕ್ಕಿಂತ ಇಳಿದರೆ ಮಲಗುತ್ತೆ. ಎದ್ದ ಮೇಲೆ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುತ್ತು ಅದಕ್ಕೆ ಊಟ ಕೊಡುತ್ತೆ. ರೆಸಿಸ್ಟರ್ ತುಂಡಾದರೆ ಹ್ಯಾಂಡಲ್ಲೇ ಇಲ್ಲ, ಪೂರ್ತಿ ಕಪ್ಪು. ಕೆಪಾಸಿಟರ್ ಒಣಗಿದರೆ ಏಳುತ್ತೆ, ಬೀಳುತ್ತೆ: ಡಿಸ್‌ಪ್ಲೇ ಮಿಣುಕುತ್ತೆ, ಟಿಕ್ ಟಿಕ್ ಸದ್ದು ಬರುತ್ತೆ.

ನನ್ನದು ಕೆಡುವ ಮೂರು ವಾರ ಮೊದಲೇ ಬೆಳಗ್ಗೆ ನಾಲ್ಕೈದು ಸಲ ಮಿಣುಕಿ ಸ್ಟಾರ್ಟ್ ಆಗ್ತಿತ್ತು. "ಆಮೇಲೆ ಸರಿಹೋಗುತ್ತಲ್ಲ" ಅಂತ ಬಿಟ್ಟಿದ್ದೆ. ತಪ್ಪು ನಂದೇ.

ಎರಡು ನಿಮಿಷದ ಪಾಠ

ತಾಲ್ಲೂಕಿನಲ್ಲಿ ಟಿವಿ, ಇನ್‌ವರ್ಟರ್ ಬೋರ್ಡ್ ರಿಪೇರಿ ಮಾಡುವ ಹುಡುಗನೊಬ್ಬನನ್ನು ಕರೆತಂದೆ. ಸ್ವಿಚ್ ಆಫ್ ಮಾಡಿ ಎರಡು ನಿಮಿಷವಾಗಿತ್ತು. ಮುಚ್ಚಳ ತೆಗೆದು ಒಳಗೆ ಕೈ ಇಡಲು ಹೋದೆ. "ಅಣ್ಣ, ಮುಟ್ಬೇಡಿ!" ಅಂತ ಕೂಗಿದ. ಮೀಟರ್ ಇಟ್ಟು ತೋರಿಸಿದ: ದೊಡ್ಡ ಕೆಪಾಸಿಟರ್‌ಗಳಲ್ಲಿ ಇನ್ನೂ 300 ವೋಲ್ಟ್‌ಗಿಂತ ಜಾಸ್ತಿ. "ಪವರ್ ಸಪ್ಲೈ ಚೆನ್ನಾಗಿದ್ರೆ ಅದೇ ಈ ಚಾರ್ಜ್ ಕುಡೀತದೆ. ಅದೇ ಸತ್ತಿದೆ, ಕುಡಿಯೋರು ಯಾರು?" ಅಂದ. ಡಿಸ್‌ಪ್ಲೇ ಕಪ್ಪಗಿದೆ ಅಂದರೆ ಕರೆಂಟಿಲ್ಲ ಅಂತ ಅರ್ಥವಲ್ಲ, ಅಪಾಯ ಇನ್ನೂ ಹೆಚ್ಚಿರಬಹುದು. ಪೆಟ್ಟಿಗೆ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿನಲ್ಲಿ ನೋಡಿಯೇ ಮುಂದುವರಿಯಬೇಕು. ಬೋರ್ಡಿನ ಕೆಲಸ ತಿಳಿದವರಿಗೇ ಬಿಡಿ.

ಅವನು ಒಣಗಿದ ಆ ಪುಟ್ಟ ಕೆಪಾಸಿಟರ್ ತೆಗೆದು, 105 ಡಿಗ್ರಿ ತಡೆಯುವ ಹೊಸದು ಹಾಕಿದ. ಮಧ್ಯಾಹ್ನ ಮೂರಕ್ಕೆ ಡ್ರಿಪ್ ಓಡಿತು.

ಮತ್ತೆ ಕೆಡದಂತೆ

ಇಂಥ ಕೆಪಾಸಿಟರ್‌ಗೆ ಬಿಸಿಯೇ ಶತ್ರು. ಪ್ರತಿ 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಮ್ಮಿ ಅರ್ಧವಾಗುತ್ತೆ. ನನ್ನ ಪೆಟ್ಟಿಗೆ ಪಶ್ಚಿಮದ ಬಿಸಿಲಿಗೆ ಮುಖ ಮಾಡಿತ್ತು. ಈಗ ಮೇಲೆ ಶೀಟ್ ಹಾಕಿ ನೆರಳು ಮಾಡಿದ್ದೇನೆ, ಸುತ್ತ ಗಾಳಿಗೆ ಜಾಗ ಬಿಟ್ಟಿದ್ದೇನೆ. ವೈರ್ ಹೋಗುವ ತೂತು ಮುಚ್ಚಿದರೆ ಇರುವೆ, ಹಲ್ಲಿ ಒಳಗೆ ಸೇರಲ್ಲ. ಫ್ಯಾನಿನ ಧೂಳು ಆಗಾಗ ತೆಗೆಯಿರಿ, ಅರ್ಥಿಂಗ್ ಸರಿ ಇದೆಯಾ ಅಂತ ವರ್ಷಕ್ಕೊಮ್ಮೆ ನೋಡಿಸಿ.

ಕೊನೆಯದಾಗಿ, ತಿಂಗಳಿಗೊಮ್ಮೆ ಮಧ್ಯಾಹ್ನ 12ಕ್ಕೆ ಡಿಸ್‌ಪ್ಲೇಯ ವೋಲ್ಟ್, ಆಂಪ್ಸ್, ಹರ್ಟ್ಜ್ ಫೋಟೋ ತೆಗೆದಿಡಿ. ಬೆಳಗ್ಗೆ ಮಿಣುಕೋದು ಶುರುವಾದರೆ ಒಂದು ವಿಡಿಯೋ ಮಾಡಿ, ಅದೇ ವಾರ ತೋರಿಸಿ. ಗಿಡ ಬಾಡೋ ಮುಂಚೆ ಎಲೆ ನೋಡಿ ಗುರುತು ಹಿಡೀತೀವಲ್ಲ, ಇದೂ ಹಾಗೇನೇ.