ಹುಲಿಯ ಪಕ್ಕೆಯ ಫೋಟೊ ತೆಗೆಯಿರಿ

ಕಬಿನಿ ಹಿನ್ನೀರಿನ ಬಳಿ ಸಫಾರಿ ಜೀಪು ನಿಂತಿದೆ. ಎದುರಿಗೆ ಹುಲಿ ದಾರಿ ದಾಟುತ್ತಿದೆ. ಎಲ್ಲರೂ ಅದರ ಮುಖಕ್ಕಾಗಿ ಕಾಯುತ್ತಾರೆ. ನೀವು ಪಕ್ಕೆಯನ್ನೂ ಕ್ಲಿಕ್ಕಿಸಿ!

ನಮ್ಮ ಹೆಬ್ಬೆರಳ ಗುರುತಿನ ಹಾಗೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದೇ ಹುಲಿಯ ಎಡಪಕ್ಕೆ, ಬಲಪಕ್ಕೆಯ ಪಟ್ಟೆಗಳೂ ಬೇರೆ ಬೇರೆ.

ಹಿಂದೆ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಆ ಲೆಕ್ಕ ನಂಬುವಂತಿರಲಿಲ್ಲ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳಲ್ಲಿ, ಪ್ರಾಣಿ ಹಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಯಿಂದಲೇ ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆ ಅಂದಾಜಿಸುವ ದಾರಿ ತೋರಿದರು. ನಮ್ಮ ಕಾಡಿನಲ್ಲಿ ಬೆಳೆದ ಈ ವಿಧಾನದ ಬಗ್ಗೆ ನನಗೆ ಬಹಳ ಹೆಮ್ಮೆ. 2018ರ ದೇಶವ್ಯಾಪಿ ಗಣತಿಯಲ್ಲಿ ಇಂಥ ಕ್ಯಾಮೆರಾಗಳು ತೆಗೆದ ಚಿತ್ರಗಳು ಸುಮಾರು 3 ಕೋಟಿ 48 ಲಕ್ಷ! ಹುಲಿಯವು ಬರೀ 76 ಸಾವಿರ ಚಿಲ್ಲರೆ.

ಸಫಾರಿ ಫೋಟೊ ಗಣತಿಗೆ ಬದಲಿಯಲ್ಲ. ಆದರೆ ಕಾಲಿಗೆ ಗಾಯವಾದ, ಉರುಳು ಬಿಗಿದುಕೊಂಡ ಹುಲಿ ಕಂಡರೆ, ಸಮಯ ಮತ್ತು ಜಾಗ ತಿಳಿಸಿ ಫೋಟೊವನ್ನು ಕೂಡಲೇ ಅರಣ್ಯ ಸಿಬ್ಬಂದಿಗೆ ಕೊಡಿ. ಅವರು ಪಟ್ಟೆ ಹೋಲಿಸಿ, ಯಾವ ಹುಲಿ ಎಂದು ಹುಡುಕಬಹುದು.

ಜಾಲತಾಣಕ್ಕೆ ಹಾಕುವಾಗ ಮಾತ್ರ ಲೊಕೇಶನ್ ತೆಗೆದುಬಿಡಿ. ಬೇಟೆಗಾರರ ಕೈಯಲ್ಲೂ ಫೋನ್ ಇದೆ.